ಸಾಂಕ್ರಾಮಿಕದ ನಡುವೆ ಔಷಧ ಹುಡುಕುವ ಕೆಲಸ: ತಯಾರಿ ಯಾವಾಗ ಶುರುವಾಗಬೇಕು?

2021ರ ಏಪ್ರಿಲ್, ಮೇ ತಿಂಗಳ ವಾಟ್ಸಾಪ್ ಗ್ರೂಪ್‌ಗಳು ನಿಮಗೆ ನೆನಪಿರಬಹುದು. 'ಅರ್ಜೆಂಟ್, ಪ್ಲಾಸ್ಮಾ ಬೇಕು' ಅನ್ನುವ ಮೆಸೇಜ್‌ಗಳು ಹಗಲು ರಾತ್ರಿ ಬರುತ್ತಿದ್ದವು. ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವವನ್ನು ರೋಗಿಗೆ ಕೊಟ್ಟರೆ ಜೀವ ಉಳಿಯುತ್ತದೆ ಎಂಬ ಆಸೆ ಎಲ್ಲರಿಗೂ ಇತ್ತು. ಬೆಳಗಾವಿಯಲ್ಲೂ ಎಷ್ಟೋ ಮನೆಯವರು ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ದಾನಿಗಳನ್ನು ಹುಡುಕುತ್ತಾ ಅಲೆದರು.

ಆದರೆ ಪ್ಲಾಸ್ಮಾ ಕೊಡುವುದರಿಂದ ಲಾಭವಿಲ್ಲ ಎಂಬ ಉತ್ತರ ಅದಕ್ಕೂ ಆರು ತಿಂಗಳ ಮೊದಲೇ ನಮ್ಮ ದೇಶದಲ್ಲೇ ಸಿಕ್ಕಿತ್ತು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2020ರ ಏಪ್ರಿಲ್‌ನಿಂದ ಜುಲೈವರೆಗೆ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಒಂದು ಟ್ರಯಲ್ (ಚಿಕಿತ್ಸೆಯ ಪರೀಕ್ಷೆ) ನಡೆಸಿತು. ಅದರ ಹೆಸರು ಪ್ಲಾಸಿಡ್. ಪ್ಲಾಸ್ಮಾ ಪಡೆದವರಲ್ಲಿ ರೋಗ ಗಂಭೀರವಾಗುವುದಾಗಲಿ, ಸಾವಾಗಲಿ ಪಡೆಯದವರಿಗಿಂತ ಕಡಿಮೆಯಾಗಲಿಲ್ಲ. ಅಕ್ಟೋಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಮುಂದೆ ಬ್ರಿಟನ್ನಿನಲ್ಲಿ 11 ಸಾವಿರಕ್ಕೂ ಹೆಚ್ಚು ರೋಗಿಗಳ ಟ್ರಯಲ್ ಕೂಡ ಅದನ್ನೇ ಹೇಳಿತು. 2021ರ ಮೇ ತಿಂಗಳಲ್ಲಿ ಪ್ಲಾಸ್ಮಾವನ್ನು ನಮ್ಮ ಚಿಕಿತ್ಸಾ ಮಾರ್ಗಸೂಚಿಯಿಂದ ತೆಗೆದರು.

ನನಗೆ ಇದರಲ್ಲಿ ಎರಡು ವಿಷಯ ಕಾಣುತ್ತವೆ. ರೋಗ ಹರಡುತ್ತಿರುವಾಗಲೇ ಸರಿಯಾದ ಸಂಶೋಧನೆ ನಡೆಸುವುದು ನಮ್ಮಿಂದ ಸಾಧ್ಯ. ಹಾಗೆ ನಡೆಸದೆ ಹೋದರೆ, ಅಥವಾ ನಡೆಸಿಯೂ ಉತ್ತರವನ್ನು ಜನರಿಗೆ ಮುಟ್ಟಿಸದೆ ಹೋದರೆ, ಸಂಕಟದಲ್ಲಿರುವ ಮನೆಯವರು ಊಹೆಯ ಹಿಂದೆ ಓಡಬೇಕಾಗುತ್ತದೆ.

ವೈದ್ಯರಿಗೆ ಅನುಭವ ಇದೆಯಲ್ಲ, ಸಾಲದೇ?

ಇದು ಸಹಜವಾದ ಪ್ರಶ್ನೆ. ಸಾಲದು. ಯಾಕೆಂದು ನೋಡೋಣ.

ನಮ್ಮ ಕಡೆ ರೈತರು ಹೊಸ ಬೀಜ ಬಂದಾಗ ಏನು ಮಾಡುತ್ತಾರೆ? ಒಂದೇ ಹೊಲದಲ್ಲಿ ಅರ್ಧಕ್ಕೆ ಹಳೇ ಬೀಜ, ಅರ್ಧಕ್ಕೆ ಹೊಸದು ಹಾಕಿ ನೋಡುತ್ತಾರೆ. ಇಡೀ ಹೊಲಕ್ಕೆ ಹೊಸ ಬೀಜ ಹಾಕಿ ಬೆಳೆ ಚೆನ್ನಾಗಿ ಬಂದರೆ, ಅದು ಬೀಜದಿಂದಲೋ ಆ ವರ್ಷದ ಮಳೆಯಿಂದಲೋ ಗೊತ್ತಾಗುವುದಿಲ್ಲ. ಔಷಧದ ಕಥೆಯೂ ಅಷ್ಟೇ. ಕೋವಿಡ್ ಬಂದ ಹೆಚ್ಚಿನವರು ಯಾವ ವಿಶೇಷ ಔಷಧವೂ ಇಲ್ಲದೆ ಗುಣವಾದರು. ಅವರಿಗೆ ಕೊಟ್ಟ ಮಾತ್ರೆ, ಕಷಾಯ, ಇಂಜೆಕ್ಷನ್ ಎಲ್ಲದಕ್ಕೂ ಒಳ್ಳೇ ಹೆಸರು ಬಂತು.

ಅದಕ್ಕೇ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸುವ ಹಾಗಿಲ್ಲ. ಅದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ. ವೈದ್ಯರೇ ಆರಿಸಿದರೆ ತೀರಾ ಸೀರಿಯಸ್ ಆದವರಿಗೇ ಹೊಸ ಔಷಧ ಕೊಡೋಣ ಅನ್ನಿಸಬಹುದು. ಆಗ ಆ ಗುಂಪಿನಲ್ಲಿ ಸಾವು ಜಾಸ್ತಿಯಾಗಿ ಒಳ್ಳೆಯ ಔಷಧವೂ ಕೆಟ್ಟದಾಗಿ ಕಾಣಬಹುದು.

ಇನ್ನು ಸಂಖ್ಯೆಯ ವಿಷಯ. ಇದು ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಭಾವನೆ. ಡೆಕ್ಸಾಮೆಥಾಸೋನ್ ಎಂಬ ಹಳೇ ಸ್ಟೀರಾಯ್ಡ್ ಔಷಧವನ್ನು ತೆಗೆದುಕೊಳ್ಳಿ. ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಇರುವ, ಕೆಲವೇ ರೂಪಾಯಿಯ ಔಷಧ. ಬ್ರಿಟನ್ನಿನ 'ರಿಕವರಿ' ಟ್ರಯಲ್‌ನಲ್ಲಿ 2104 ರೋಗಿಗಳಿಗೆ ಇದನ್ನು ಕೊಟ್ಟರು, 4321 ರೋಗಿಗಳಿಗೆ ಮಾಮೂಲಿ ಚಿಕಿತ್ಸೆ ಮಾತ್ರ ಕೊಟ್ಟರು. 28 ದಿನಗಳಲ್ಲಿ ಔಷಧ ಪಡೆದವರಲ್ಲಿ ಶೇ 22.9 ಮಂದಿ ತೀರಿಕೊಂಡರು. ಪಡೆಯದವರಲ್ಲಿ ಶೇ 25.7. ಅಂದರೆ ನೂರು ಜನರಲ್ಲಿ ಸುಮಾರು ಮೂವರ ವ್ಯತ್ಯಾಸ. ಒಂದು ವಾರ್ಡಿನಲ್ಲಿ ಐವತ್ತು ರೋಗಿಗಳನ್ನು ನೋಡುವ ವೈದ್ಯರು ಎಷ್ಟೇ ಬುದ್ಧಿವಂತರಾದರೂ ಈ ವ್ಯತ್ಯಾಸ ಅವರ ಕಣ್ಣಿಗೆ ಬೀಳುವುದು ಸಾಧ್ಯವೇ ಇಲ್ಲ. ಆದರೆ ಲಕ್ಷಾಂತರ ರೋಗಿಗಳಿರುವ ದೇಶದಲ್ಲಿ ನೂರಕ್ಕೆ ಮೂರು ಅಂದರೆ ಸಾವಿರಾರು ಜೀವ.

ಇನ್ನೊಂದು ಸಂಗತಿ ಇದೆ. ವೆಂಟಿಲೇಟರ್ ಮೇಲಿದ್ದವರಿಗೆ ಈ ಔಷಧದಿಂದ ದೊಡ್ಡ ಲಾಭವಾಯಿತು. ಆಕ್ಸಿಜನ್ ಮೇಲಿದ್ದವರಿಗೂ ಲಾಭವಾಯಿತು. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಲಿಲ್ಲ. ಸಾವು ಸ್ವಲ್ಪ ಹೆಚ್ಚೇ ಇತ್ತು. ಎಷ್ಟೋ ಜನ ಮನೆಯಲ್ಲೇ ಜ್ವರ ಬಂದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದರಲ್ಲ, ಅವರಿಗೆ ಈ ಮಾತು ಸಕಾಲಕ್ಕೆ ಮುಟ್ಟಬೇಕಿತ್ತು.

ರಿಕವರಿ ಟ್ರಯಲ್‌ನ ಯೋಜನೆಯ ಬರವಣಿಗೆ ಶುರುವಾಗಿ ಮೊದಲ ರೋಗಿ ಸೇರುವುದಕ್ಕೆ ಹಿಡಿದದ್ದು ಒಂಬತ್ತು ದಿನ. ಮೊದಲ ರೋಗಿ ಸೇರಿದ್ದು 2020ರ ಮಾರ್ಚ್ 19ರಂದು, ಡೆಕ್ಸಾಮೆಥಾಸೋನ್ ಫಲಿತಾಂಶ ಹೊರಬಿದ್ದದ್ದು ಜೂನ್ 16ರಂದು. ಇಷ್ಟು ಬೇಗ ಹೇಗಾಯಿತು? ಅವರಿಗೆ ಆಸ್ಪತ್ರೆಗಳನ್ನು ಜೋಡಿಸುವ ಸಂಶೋಧನಾ ಜಾಲ ಮೊದಲೇ ಇತ್ತು. ಸಂಶೋಧನೆಗೆಂದೇ ಇರುವ ನರ್ಸ್‌ಗಳು ಇದ್ದರು. ವೈದ್ಯರು ತುಂಬಬೇಕಾದ ಫಾರಂ ತೀರಾ ಚಿಕ್ಕದಿತ್ತು. 2009ರ ಎಚ್1ಎನ್1 ಜ್ವರದ ಸಮಯದಲ್ಲಿ ಅಧ್ಯಯನಗಳು ತಡವಾಗಿ ಶುರುವಾದವು ಎಂದು ಕಂಡುಕೊಂಡು, ಮುಂದಿನ ಸಾಂಕ್ರಾಮಿಕಕ್ಕೆಂದು ಕೆಲವು ಅಧ್ಯಯನಗಳನ್ನು ಬರೆದು, ಅನುಮತಿ ಪಡೆದು, ಹಾಗೇ ಎತ್ತಿಟ್ಟಿದ್ದರು. ಮಲಗಿರುವ ಅಧ್ಯಯನವನ್ನು ಎಬ್ಬಿಸುವುದು ಹೊಸದನ್ನು ಹುಟ್ಟಿಸುವುದಕ್ಕಿಂತ ಸುಲಭ.

ರೋಗ ಕಾಯುವುದಿಲ್ಲ

ಕ್ಯಾನ್ಸರ್ ಔಷಧದ ಟ್ರಯಲ್ ಆರು ತಿಂಗಳು ತಡವಾದರೂ ರೋಗಿಗಳು ಇರುತ್ತಾರೆ. ಸಾಂಕ್ರಾಮಿಕದಲ್ಲಿ ಹಾಗಲ್ಲ. ಅಲೆ ಏರುತ್ತದೆ, ಇಳಿಯುತ್ತದೆ. ಕಾಗದ ಪತ್ರ ಮುಗಿಯುವಷ್ಟರಲ್ಲಿ ರೋಗಿಗಳೇ ಇರುವುದಿಲ್ಲ.

2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿ 11 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಝಡ್‌ಮ್ಯಾಪ್ ಎಂಬ ಔಷಧದ ಮೇಲೆ ಎಲ್ಲರಿಗೂ ಭಾರೀ ನಂಬಿಕೆ ಇತ್ತು. ಅದರ ಟ್ರಯಲ್‌ಗೆ 200 ರೋಗಿಗಳು ಬೇಕಿತ್ತು. ಆದರೆ ಶುರುವಾಗುವ ಹೊತ್ತಿಗೆ ರೋಗ ಇಳಿಯುತ್ತಿತ್ತು. ಸಿಕ್ಕವರು 72 ಜನ ಮಾತ್ರ. ಔಷಧ ಪಡೆದವರಲ್ಲಿ ಸಾವು ಶೇ 22, ಪಡೆಯದವರಲ್ಲಿ ಶೇ 37. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಇಷ್ಟು ಕಡಿಮೆ ಜನರಲ್ಲಿ ಇಂಥ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಉತ್ತರ ಅರ್ಧಕ್ಕೆ ನಿಂತಿತು.

2018ರಲ್ಲಿ ಕಾಂಗೋ ದೇಶದಲ್ಲಿ ಎಬೋಲಾ ಮತ್ತೆ ಬಂತು. ಈ ಸಲ ತಯಾರಿ ಇತ್ತು. ಆ ಪ್ರದೇಶದಲ್ಲಿ ಗುಂಡಿನ ಕಾಳಗ ನಡೆಯುತ್ತಿತ್ತು, ಚಿಕಿತ್ಸಾ ಕೇಂದ್ರಗಳ ಮೇಲೂ ದಾಳಿಯಾಯಿತು. ಆದರೂ ಪಾಮ್ ಎಂಬ ಟ್ರಯಲ್‌ನಲ್ಲಿ ನಾಲ್ಕು ಔಷಧಗಳನ್ನು ಒಟ್ಟಿಗೆ ಹೋಲಿಸಿ ನೋಡಿದರು. ಎಲ್ಲರೂ ನಂಬಿದ್ದ ಝಡ್‌ಮ್ಯಾಪ್ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಬೇರೆ ಎರಡು ಔಷಧ ಪಡೆದವರಲ್ಲಿ ಮೂರನೇ ಒಂದು ಭಾಗ. ವ್ಯತ್ಯಾಸ ಖಚಿತವಾಯಿತು. 2019ರ ಆಗಸ್ಟ್‌ನಲ್ಲಿ ಟ್ರಯಲ್ಲನ್ನು ಅವಧಿಗೆ ಮೊದಲೇ ನಿಲ್ಲಿಸಿ, ಒಳ್ಳೆಯ ಆ ಎರಡು ಔಷಧಗಳನ್ನೇ ಎಲ್ಲರಿಗೂ ಕೊಡಲು ಶುರು ಮಾಡಿದರು. ಹೀಗೆ ನಿಲ್ಲಿಸುವ ತೀರ್ಮಾನವನ್ನು ಟ್ರಯಲ್ ನಡೆಸುವವರ ಕೈಗೆ ಬಿಡುವುದಿಲ್ಲ. ಹೊರಗಿನ ತಜ್ಞರ ಒಂದು ಸಮಿತಿ ನಡುನಡುವೆ ಲೆಕ್ಕ ನೋಡಿ ಸಲಹೆ ಕೊಡುತ್ತದೆ. ಆ ಸಮಿತಿಯಲ್ಲಿ ಯಾರಿರಬೇಕು ಎಂಬುದೂ ಮೊದಲೇ ಗೊತ್ತಿರಬೇಕು.

ನಮ್ಮ ಪಕ್ಕದಲ್ಲೇ ನೋಡಿ. 2018ರಲ್ಲಿ ಕೇರಳದ ಕೋಝಿಕ್ಕೋಡ್ ಭಾಗದಲ್ಲಿ ನಿಪಾ ಬಂದಾಗ ಆಸ್ಟ್ರೇಲಿಯಾದಿಂದ ಒಂದು ಆಂಟಿಬಾಡಿ ಔಷಧ ತರಿಸಿದರು. ಅದು ಬರುವ ಹೊತ್ತಿಗೆ ರೋಗ ತಗ್ಗಿತ್ತು.

ಬೆಳಗಾವಿಯಲ್ಲಿ ಏನಿದೆ?

ಇಂಥ ವಿಷಯ ಬಂದಾಗ ಬೆಂಗಳೂರು, ದಿಲ್ಲಿ, ಪುಣೆ ನೋಡುತ್ತೇವೆ. ಆದರೆ ಈ ಕೆಲಸದ ದೊಡ್ಡ ಪಾಠ ಒಂದು ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ಇದೆ.

ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಗಿ ತಾಯಂದಿರು ಸಾಯುತ್ತಿದ್ದರು. ಅದನ್ನು ತಡೆಯುವ ಇಂಜೆಕ್ಷನ್‌ಗೆ ಫ್ರಿಡ್ಜ್ ಬೇಕು, ಸಿರಿಂಜ್ ಬೇಕು. ಮಿಸೋಪ್ರೊಸ್ಟಾಲ್ ಎಂಬ ಮಾತ್ರೆಗೆ ಅದೇನೂ ಬೇಡ. ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ನೋಡಲು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಹಳ್ಳಿಗಳಲ್ಲಿ ಟ್ರಯಲ್ ನಡೆಸಿದರು. 1620 ತಾಯಂದಿರು ಸೇರಿದರು. ಮಾತ್ರೆ ಕೊಟ್ಟವರು, ಲೆಕ್ಕ ಬರೆದವರು ಎಎನ್‌ಎಂ ಸಿಸ್ಟರ್‌ಗಳು. ವಿಪರೀತ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕೆ ಈ ಮಾತ್ರೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇದು ಸಾಂಕ್ರಾಮಿಕದ ಸಂಶೋಧನೆ ಅಲ್ಲ, ನಿಜ. ಆದರೆ ಆ ಕೆಲಸದಿಂದ ಉಳಿದದ್ದನ್ನು ಗಮನಿಸಿ. ಒಪ್ಪಿಗೆ ಕೇಳುವುದು ಹೇಗೆ ಎಂದು ಕಲಿತ ಸಿಸ್ಟರ್‌ಗಳು, ಲೆಕ್ಕ ಸರಿಯಾಗಿ ಬರೆಯುವ ರೂಢಿ, ಸಂಶೋಧಕರನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಹಳ್ಳಿಗಳು. ಅದರ ಮೇಲೆಯೇ ಮುಂದೆ ಗರ್ಭಿಣಿಯರ ಮತ್ತು ಮಕ್ಕಳ ದಾಖಲಾತಿ ಬೆಳೆಯಿತು. ಕೋವಿಡ್ ಬಂದಾಗ, ಬೆಳಗಾವಿಯೂ ಸೇರಿದ್ದ ಅಂತರರಾಷ್ಟ್ರೀಯ ಸಂಶೋಧನಾ ಜಾಲವು ಗರ್ಭಿಣಿಯರಲ್ಲಿ ಸೋಂಕು ಎಷ್ಟು ಹರಡಿದೆ ಎಂದು ನೋಡಲು ಬಳಕೆಯಾಯಿತು. ಮಾಮೂಲಿ ವರ್ಷದಲ್ಲಿ ಎಷ್ಟು ಹೆರಿಗೆ, ಎಷ್ಟು ಸಾವು ಎಂಬ ಲೆಕ್ಕ ಕೈಯಲ್ಲಿದ್ದರೆ ತಾನೇ ಕೆಟ್ಟ ವರ್ಷದಲ್ಲಿ ಏನು ಬದಲಾಯಿತು ಎಂದು ಹೇಳಲು ಬರುವುದು?

ಬೆಳಗಾವಿಯಲ್ಲಿ ಬೇರೆ ಅನುಕೂಲಗಳೂ ಇವೆ. ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇಲ್ಲೇ ನೆಹರು ನಗರದಲ್ಲಿದೆ. 2020ರಲ್ಲಿ ಅಲ್ಲಿ ಕೋವಿಡ್ ಪರೀಕ್ಷೆಯೂ ನಡೆಯಿತು. ಕೋವ್ಯಾಕ್ಸಿನ್ ಲಸಿಕೆಯ ಮೊದಲ ಹಂತಗಳ ಟ್ರಯಲ್‌ಗೆ 2020ರ ಜುಲೈನಲ್ಲಿ ಆಯ್ಕೆಯಾದ 12 ಆಸ್ಪತ್ರೆಗಳಲ್ಲಿ ಬೆಳಗಾವಿಯ ಜೀವನ ರೇಖಾ ಆಸ್ಪತ್ರೆಯೂ ಒಂದು. ಜಿಲ್ಲೆಯ ಬಡವರು ಬಂದು ಸೇರುವ ಬಿಮ್ಸ್ ಇದೆ. ಸಾಂಕ್ರಾಮಿಕದಲ್ಲಿ ಜಾಸ್ತಿ ರೋಗಿಗಳು ಬರುವುದು ಇಂಥ ಸರ್ಕಾರಿ ಜಿಲ್ಲಾಸ್ಪತ್ರೆಗಳಿಗೇ. ಟ್ರಯಲ್‌ಗಳು ಅಲ್ಲಿಗೆ ಬರದೆ ದೊಡ್ಡ ಊರುಗಳ ಆಸ್ಪತ್ರೆಗಳಲ್ಲೇ ಉಳಿದರೆ ಉತ್ತರವೂ ತಡವಾಗುತ್ತದೆ, ಆ ಉತ್ತರ ನಮ್ಮ ಜನಕ್ಕೆ ಎಷ್ಟು ಹೊಂದುತ್ತದೆ ಎಂಬ ಅನುಮಾನವೂ ಉಳಿಯುತ್ತದೆ.

ಕಷಾಯದ ಬಗ್ಗೆ ಒಂದು ಮಾತು. ನಮ್ಮ ಸಾಂಪ್ರದಾಯಿಕ ಔಷಧಗಳನ್ನು ಗೌರವಿಸುವವರು ಅವುಗಳಿಗೂ ಇದೇ ಕಟ್ಟುನಿಟ್ಟಿನ ಪರೀಕ್ಷೆ ಬೇಕು ಎಂದು ಕೇಳಬೇಕು. 'ಕುಡಿದೆ, ವಾಸಿಯಾಯ್ತು' ಎಂಬ ಮಾತು ಕಷಾಯಕ್ಕೂ ಸಾಲದು, ಇಂಗ್ಲಿಷ್ ಔಷಧಕ್ಕೂ ಸಾಲದು.

ಒಪ್ಪಿಗೆ ಕೇಳುವುದು

ತಯಾರಿಯ ಅತಿ ಕಷ್ಟದ ಭಾಗ ಇದೇ. ಮೊದಲಿಗೆ, ಕೇಳುವುದಕ್ಕೇ ಅನುಮತಿ ಬೇಕು. ಯಾವುದೇ ಟ್ರಯಲ್ ಶುರುವಾಗುವ ಮೊದಲು ಆಸ್ಪತ್ರೆಯ ಎಥಿಕ್ಸ್ ಕಮಿಟಿ, ಅಂದರೆ ರೋಗಿಗಳ ಹಿತ ಕಾಯುವ ಸಮಿತಿ, ಒಪ್ಪಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಅದರಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅಧ್ಯಕ್ಷರು ಹೊರಗಿನವರಾಗಿರಬೇಕು. ಕಾನೂನು ಬಲ್ಲವರು, ಮಹಿಳೆ, ವೈದ್ಯಕೀಯದ ಗಂಧವಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕು. ಆ ಸಾಮಾನ್ಯ ವ್ಯಕ್ತಿಯ ಕೆಲಸ ಬಹಳ ದೊಡ್ಡದು. 'ಈ ಕಾಗದ ನಮ್ಮ ಮನೆಯವರಿಗೆ ಅರ್ಥವಾಗುತ್ತಾ?' ಎಂದು ಕೇಳಬೇಕಾದವರು ಅವರೇ. ಮಾಮೂಲಿ ದಿನಗಳಲ್ಲಿ ಈ ಕಮಿಟಿ ಸೇರಲು ವಾರಗಟ್ಟಲೆ ಹಿಡಿಯುತ್ತದೆ. 2020ರಲ್ಲಿ ಐಸಿಎಂಆರ್ ಆನ್‌ಲೈನ್ ಸಭೆಗೂ, ಬೇಗ ಪರಿಶೀಲನೆಗೂ ದಾರಿ ಮಾಡಿಕೊಟ್ಟಿತು. ಬೇಗ ಅಂದರೆ ಮೇಲಿಂದ ಮೇಲೆ ನೋಡಿ ಸಹಿ ಹಾಕುವುದಲ್ಲ. ರೋಗದ ಹೆಸರಿನ ಜಾಗ ಖಾಲಿ ಬಿಟ್ಟು ಉಳಿದೆಲ್ಲ ಬರೆದ ಅಧ್ಯಯನವನ್ನು ಈಗಲೇ ಕಮಿಟಿಯ ಮುಂದಿಟ್ಟರೆ, ಅವರು ನಿಧಾನವಾಗಿ ಓದಿ ತಕರಾರು ಹೇಳಬಹುದು. ರೋಗ ಬಂದಾಗ ಹೊಸ ಭಾಗವನ್ನಷ್ಟೇ ನೋಡಿದರೆ ಸಾಕು. 2012ರಲ್ಲೇ ಐಸಾರಿಕ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಇಂಥ ಒಂದು ಮಾದರಿಯನ್ನು ಬರೆದಿಟ್ಟಿತ್ತು. ಕೋವಿಡ್ ಬಂದಾಗ ಅದನ್ನು ಹೊರತೆಗೆದು ಬಳಸಿದರು.

ಈಗ ಒಪ್ಪಿಗೆ ಪತ್ರದ ಮಾತು. ಬೆಳಗಾವಿಯಲ್ಲಿ ಅದು ಕನ್ನಡದಲ್ಲಿ ಮಾತ್ರ ಇದ್ದರೆ ಸಾಲದು. ಮರಾಠಿಯಲ್ಲೂ ಉರ್ದುವಿನಲ್ಲೂ ಬೇಕು. ಹಲವು ಪುಟಗಳ ಪತ್ರವನ್ನು ಉಸಿರಾಡಲು ಕಷ್ಟಪಡುವವರು ಓದುವುದಿಲ್ಲ. ಮನೆಯವರನ್ನು ಐಸೊಲೇಷನ್ ವಾರ್ಡಿನೊಳಗೆ ಬಿಡುವುದಿಲ್ಲ. ಪಿಪಿಇ ಹಾಕಿದವರ ಮುಖವೂ ಕಾಣುವುದಿಲ್ಲ. ಓದಲು ಬಾರದವರಿಗೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಸೋಂಕಿನ ವಾರ್ಡಿಗೆ ಆ ಸಾಕ್ಷಿ ಎಲ್ಲಿಂದ ಬರಬೇಕು? ರೋಗಿ ಸಹಿ ಹಾಕಿದ ಕಾಗದವನ್ನು ಹೊರಗೆ ತರುವುದು ಹೇಗೆ? ಫೋನಿನಲ್ಲಿ ಮಗನ ಒಪ್ಪಿಗೆ ಪಡೆದರೆ ಅದನ್ನು ಹೇಗೆ ದಾಖಲಿಸಬೇಕು? ಇವೆಲ್ಲ ಸಣ್ಣ ಪ್ರಶ್ನೆಗಳ ಹಾಗೆ ಕಾಣುತ್ತವೆ. ಆದರೆ ವಾರ್ಡು ತುಂಬಿದ ದಿನ ಕೆಲಸ ನಿಲ್ಲುವುದು ಇಂಥವುಗಳಿಂದಲೇ.

ಏನು ಹೇಳಬೇಕು ಎಂಬುದನ್ನೂ ಮೊದಲೇ ಅಭ್ಯಾಸ ಮಾಡಬೇಕು. ಒಬ್ಬ ಸಿಸ್ಟರ್ ಬೈಲಹೊಂಗಲದ ಅಜ್ಜಿಯೊಬ್ಬರಿಗೆ ಹೀಗೆ ಹೇಳಬಹುದು:

"ಅಜ್ಜಿ, ನಿಮಗ ಮಾಮೂಲಿ ಚಿಕಿತ್ಸೆ ಎಲ್ಲಾ ಕೊಡ್ತೀವ್ರಿ. ಅದರ ಜೋಡಿ ಒಂದು ಹೊಸಾ ಔಷಧ ಐತಿ. ಅದರಿಂದ ಛಲೋ ಆಗತೈತೋ ಇಲ್ಲೋ, ನಮಗೂ ಇನ್ನಾ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳಾಕ ಈ ಅಧ್ಯಯನ. ಅರ್ಧಾ ಮಂದಿಗೆ ಸಿಗತೈತಿ, ಅರ್ಧಾ ಮಂದಿಗೆ ಇಲ್ಲ. ಯಾರಿಗೆ ಅನ್ನೂದನ್ನ ನಾವು ಆರಸಂಗಿಲ್ಲ, ಚೀಟಿ ಎತ್ತಿದಂಗ. ನೀವು ಬ್ಯಾಡ ಅಂದ್ರೂ ನಡೀತೈತಿ, ಚಿಕಿತ್ಸೆ ಏನೂ ನಿಲ್ಲಂಗಿಲ್ರಿ."

'ನಮಗೂ ಗೊತ್ತಿಲ್ಲ' ಎಂದು ರೋಗಿಯ ಮುಂದೆ ಹೇಳುವುದು ನಮ್ಮ ಆಸ್ಪತ್ರೆಗಳಲ್ಲಿ ರೂಢಿಯಿಲ್ಲ. ಆದರೆ ಅದನ್ನು ಹೇಳದೆ ಪಡೆದ ಸಹಿಗೆ ಬೆಲೆಯಿಲ್ಲ. ಇಂಥ ಮಾತುಗಳನ್ನು ರಾಮದುರ್ಗದಲ್ಲಿ, ಅಥಣಿಯಲ್ಲಿ, ಖಾನಾಪುರದ ಮರಾಠಿ ಮಾತಾಡುವ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಕೂತು ಹೇಳಿ ನೋಡಬೇಕು. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಎಲ್ಲಿ ತಪ್ಪು ತಿಳಿದುಕೊಂಡರೋ ಅಲ್ಲಿ ನಮ್ಮ ಮಾತನ್ನು ತಿದ್ದಬೇಕು. ರೋಗವಿಲ್ಲದ ದಿನಗಳಲ್ಲಿ ಇದಕ್ಕೆ ಒಂದೆರಡು ತಿಂಗಳು ಸಾಕು. ರೋಗ ಬಂದ ಮೇಲೆ, 'ನಮ್ಮ ಮೇಲೆ ಪ್ರಯೋಗ ಮಾಡ್ತಾರಂತೆ' ಎಂಬ ಸುದ್ದಿ ಹಬ್ಬಿದ ಮೇಲೆ, ಎಷ್ಟು ತಿಂಗಳಾದರೂ ಸಾಲದು.

ಗಡಿ, ಗರ್ಭಿಣಿಯರು, ಸಣ್ಣ ಟ್ರಯಲ್‌ಗಳು

ನಮ್ಮದು ಗಡಿ ಜಿಲ್ಲೆ. ಅಥಣಿ, ರಾಯಬಾಗದವರು ಮಹಾರಾಷ್ಟ್ರದ ಮಿರಜಕ್ಕೆ ಹೋಗುತ್ತಾರೆ. ನಿಪ್ಪಾಣಿಯವರು ಕೊಲ್ಲಾಪುರಕ್ಕೆ. ಆ ಕಡೆಯ ಚಂದಗಡದವರು ಬೆಳಗಾವಿಗೆ ಬರುತ್ತಾರೆ. ಟ್ರಯಲ್‌ಗೆ ಸೇರಿದ ರೋಗಿ 28ನೇ ದಿನಕ್ಕೆ ಹೇಗಿದ್ದಾರೆ ಎಂದು ತಿಳಿಯಬೇಕು ಅಂದರೆ ಎರಡೂ ಕಡೆಯ ಆಸ್ಪತ್ರೆಗಳು ಒಂದೇ ಫಾರಂ ಬಳಸಬೇಕು. ರಕ್ತದ ಮಾದರಿ ಪುಣೆಗೆ ಹೋಗಬೇಕಾದರೆ ಅದನ್ನು ಯಾರು, ಎಷ್ಟು ಕಾಲ, ಯಾವುದಕ್ಕೆ ಬಳಸಬಹುದು ಎಂಬ ಒಪ್ಪಂದ ಬೇಕು. ಲಾಕ್‌ಡೌನ್‌ನಲ್ಲಿ ರಾಜ್ಯದ ಗಡಿ ಮುಚ್ಚಿದ್ದು ನಮಗೆಲ್ಲ ಗೊತ್ತು. ಬ್ಯಾರಿಕೇಡ್ ಬಿದ್ದ ಮೇಲೆ ಇಂಥ ಮಾತುಕತೆ ಶುರು ಮಾಡಲು ಆಗುವುದಿಲ್ಲ.

ಗರ್ಭಿಣಿಯರ ವಿಷಯ ನನಗೆ ತುಂಬಾ ನೋವು ಕೊಡುತ್ತದೆ. ಅವರ ಸುರಕ್ಷತೆಗೆಂದೇ ಅವರನ್ನು ಲಸಿಕೆ ಟ್ರಯಲ್‌ಗಳಿಂದ ಹೊರಗಿಡುತ್ತಾರೆ. ಪರಿಣಾಮ ಏನಾಯಿತು? ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಗರ್ಭಿಣಿಯರಿಗೆ ಅನುಮತಿ ಸಿಕ್ಕಿದ್ದು ಜುಲೈ ತಿಂಗಳಲ್ಲಿ. ನಡುವೆ ಎರಡನೇ ಅಲೆ ಬಂದು ಹೋಗಿತ್ತು. ಗರ್ಭಿಣಿಯರನ್ನು ಯಾವ ಹಂತದಲ್ಲಿ, ಯಾವ ಎಚ್ಚರಿಕೆಯಿಂದ ಸೇರಿಸಿಕೊಳ್ಳಬಹುದು ಎಂಬುದನ್ನು ಈಗ, ಗಾಬರಿಯಿಲ್ಲದಾಗ ಚರ್ಚಿಸಿ ಬರೆದಿಡಬೇಕು. ತಾಯಂದಿರ ಅಧ್ಯಯನದಲ್ಲಿ ಇಷ್ಟು ವರ್ಷಗಳ ಅನುಭವ ಇರುವ ಬೆಳಗಾವಿ ಈ ಚರ್ಚೆಯನ್ನು ಮುಂದೆ ನಿಂತು ನಡೆಸಬಹುದು.

ಸಣ್ಣ ಸಣ್ಣ ಟ್ರಯಲ್‌ಗಳ ಬಗ್ಗೆಯೂ ಹೇಳಲೇಬೇಕು. 2020ರಲ್ಲಿ ಜಗತ್ತಿನಾದ್ಯಂತ ಒಂದೇ ಔಷಧದ ಮೇಲೆ ಹತ್ತಾರು ಕಡೆ ಚಿಕ್ಕ ಚಿಕ್ಕ ಅಧ್ಯಯನ ನಡೆದವು. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಮಾತ್ರೆ ಅದಕ್ಕೆ ದೊಡ್ಡ ಉದಾಹರಣೆ. ಅವುಗಳಲ್ಲಿ ಹೆಚ್ಚಿನವು ಏನನ್ನೂ ಖಚಿತವಾಗಿ ಹೇಳಲಿಲ್ಲ. ನೂರಕ್ಕೆ ಮೂರರ ವ್ಯತ್ಯಾಸ ಹುಡುಕಲು ಎಂಬತ್ತು ರೋಗಿಗಳ ಟ್ರಯಲ್ ಸುಮ್ನೆ ವ್ಯರ್ಥ. ಸೇರಿದ ರೋಗಿಗಳ ಒಳ್ಳೆಯತನವೂ ಅಲ್ಲಿ ವ್ಯರ್ಥವಾಗುತ್ತದೆ. ಪ್ರತಿ ಕಾಲೇಜೂ ತನ್ನದೇ ಹೆಸರಿನ ಟ್ರಯಲ್ ಮಾಡುವ ಬದಲು ಒಂದು ದೊಡ್ಡ ಟ್ರಯಲ್‌ಗೆ ಕೈಜೋಡಿಸುವುದು ಒಳ್ಳೆಯದು. ಪ್ಲಾಸಿಡ್‌ನಲ್ಲಿ 39 ಆಸ್ಪತ್ರೆಗಳು ಮಾಡಿದ್ದು ಅದನ್ನೇ.

ನಾಳೆ ನಿಮ್ಮನ್ನೇ ಕೇಳಿದರೆ?

ನಿಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದು, ಟ್ರಯಲ್‌ಗೆ ಸೇರುತ್ತೀರಾ ಎಂದು ಯಾರಾದರೂ ಕೇಳಿದರೆ ಗಾಬರಿಯಾಗಬೇಡಿ. ಮೊದಲು ಸಿಟಿಆರ್‌ಐ ನಂಬರ್ ಕೇಳಿ. ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಅಲ್ಲಿ 2007ರಿಂದ ನಡೆಯುತ್ತಿದೆ, 2009ರಿಂದ ಕಡ್ಡಾಯವಾಗಿದೆ. ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಆಮೇಲೆ ಎಥಿಕ್ಸ್ ಕಮಿಟಿಯವರನ್ನು ಸಂಪರ್ಕಿಸುವುದು ಹೇಗೆ ಎಂದು ಕೇಳಿ. ಮಾಹಿತಿ ಪತ್ರ ಮತ್ತು ನಿಮ್ಮ ಸಹಿಯಿರುವ ಒಪ್ಪಿಗೆ ಪತ್ರದ ಪ್ರತಿ ನಿಮ್ಮ ಕೈಗೆ ಬರಬೇಕು. ಅದು ನಿಮ್ಮ ಹಕ್ಕು. ಸೇರಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು.

ಏನಾದರೂ ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಿ. ಔಷಧ ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಟ್ರಯಲ್‌ನಿಂದಲೇ ಸಾವು ಅಥವಾ ಶಾಶ್ವತ ಊನವಾದರೆ ಪರಿಹಾರ ಕೊಡಬೇಕು ಎಂದು 2019ರ ನಿಯಮಗಳು ಹೇಳುತ್ತವೆ. ಆ ಪರಿಹಾರಕ್ಕೆ ವಿಮೆ ಬೇಕು, ಹಣ ಬೇಕು. ಮೊದಲ ರೋಗಿ ಸಹಿ ಹಾಕುವ ಮುಂಚೆಯೇ ಅವು ಸಿದ್ಧವಿರಬೇಕು. ಯಾವುದೇ ಆಸ್ಪತ್ರೆ ನಾವು ಮುಂದಿನ ಸಾಂಕ್ರಾಮಿಕಕ್ಕೆ ತಯಾರಾಗಿದ್ದೇವೆ ಎಂದರೆ, ಆ ವಿಮೆಯ ಕಾಗದ ತೋರಿಸಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.